ವಿಶ್ವಾಸದ ಹಿರಿಯರೊಬ್ಬರ ಜಾಡಿನಲ್ಲಿ: ಮೈಸೂರು ಸೀಮೆಯ ಅಬ್ಬೆ ದ್ಯುಬುವಾ

ಶತಮಾನೋತ್ಸವದ ಈ ಶುಭ ವರ್ಷದಲ್ಲಿ ನಮ್ಮ ಧರ್ಮಕೇಂದ್ರದ ಅನೇಕ ಕುಟುಂಬಗಳವರು ತಮ್ಮ ವಂಶದ ಹಿರಿಯರು ಯಾರು, ಎಲ್ಲಿಂದ ಬಂದರು, ಯಾವ ಕಾಲದಲ್ಲಿ ಈ ಮಲೆನಾಡಿಗೆ ಕಾಲಿಟ್ಟರು ಎಂದು ವಿಚಾರಿಸತೊಡಗಿರುವುದು ಸಂತೋಷದ ಸಂಗತಿ. ಮಂಡಗದ್ದೆಯ ಬಳಿ ತುಂಗೆಯ ನಡುಗಡ್ಡೆಯ ಮರಗಳಿಗೆ ಮಳೆಗಾಲ ಬಂದೊಡನೆ ಹಕ್ಕಿಗಳು ತಪ್ಪದೆ ಬಂದು ಗೂಡು ಕಟ್ಟುತ್ತವೆ. ತಮ್ಮ ಹಿರಿಯರ ದಾರಿ ಅವುಗಳಿಗೆ ಹುಟ್ಟಿನಿಂದಲೇ ಗೊತ್ತು. ಮನುಷ್ಯನಿಗಾದರೋ ಹಾಗಲ್ಲ. ಅವನು ಬರೆದಿಡಬೇಕು, ಬರೆದಿಟ್ಟುದನ್ನು ಜೋಪಾನ ಮಾಡಬೇಕು, ಜೋಪಾನ ಮಾಡಿದುದನ್ನು ಮಕ್ಕಳಿಗೆ ಓದಿ ಹೇಳಬೇಕು. ಇಲ್ಲವಾದರೆ ಮೂರು ತಲೆಮಾರು ಕಳೆಯುವಷ್ಟರಲ್ಲಿ ಅಜ್ಜನ ತಂದೆಯ ಹೆಸರು ಕೂಡ ಮರೆತುಹೋಗುತ್ತದೆ.

ಈ ವಿಷಯದಲ್ಲಿ ತಾಯಿ ಧರ್ಮಸಭೆಯು ನಮಗೆ ದೊಡ್ಡ ಉಪಕಾರ ಮಾಡಿದೆ. ಜ್ಞಾನಸ್ನಾನ ಹಾಗೂ ವಿವಾಹಗಳನ್ನು ಪ್ರತಿಯೊಬ್ಬ ವಿಚಾರಣಾ ಗುರುವೂ ಪುಸ್ತಕದಲ್ಲಿ ದಾಖಲಿಸಬೇಕೆಂದು 1563ರಲ್ಲಿ ಟ್ರೆಂಟ್ ಮಹಾಸಭೆಯು ವಿಧಿಸಿತು. 1614ರಲ್ಲಿ ಪ್ರಕಟವಾದ ರೋಮನ್ ವಿಧಿಗ್ರಂಥವು ಇದಕ್ಕೆ ಮರಣಗಳ ದಾಖಲೆಯನ್ನೂ ಸೇರಿಸಿತು. ಅರಸರ ವಂಶಾವಳಿಯನ್ನು ಬರೆಯಲು ಆಸ್ಥಾನದಲ್ಲಿ ಪಂಡಿತರಿದ್ದರು. ಬಡ ಗೇಣಿದಾರನ ಮಗುವಿನ ಹೆಸರನ್ನು ಬರೆದಿಡಲು ಇದ್ದದ್ದು ಇಗರ್ಜಿಯ ಈ ಪುಸ್ತಕ ಮಾತ್ರ. ಒಂದು ಸಾಲಿನ ಜ್ಞಾನಸ್ನಾನದ ದಾಖಲೆಯಲ್ಲಿ ಮಗುವಿನ ಹೆಸರು, ತಾಯಿತಂದೆಯರ ಹೆಸರು, ಸಾಕ್ಷಿಯಾಗಿ ನಿಂತವರ ಹೆಸರು, ದಿನಾಂಕ ಮತ್ತು ಗುರುವಿನ ಸಹಿ ಇರುತ್ತವೆ. ಸಾಕ್ಷಿಯಾಗಿ ನಿಂತವರು ಬಹುಮಟ್ಟಿಗೆ ಬಂಧುಗಳೇ ಆಗಿರುವುದರಿಂದ ಆ ಒಂದು ಸಾಲಿನಿಂದಲೇ ಎರಡು ಮೂರು ಮನೆತನಗಳ ಸಂಬಂಧ ಬಿಚ್ಚಿಕೊಳ್ಳುತ್ತದೆ. ಇದರ ಜೊತೆಗೆ ಮನೆಯಲ್ಲಿರುವ ಹಳೆಯ ಜಪದ ಪುಸ್ತಕದ ಖಾಲಿ ಹಾಳೆಯಲ್ಲಿ ಬರೆದಿಟ್ಟ ಜನನ ಮರಣಗಳು, ಜಮೀನಿನ ಕ್ರಯಪತ್ರ, ಕಂದಾಯದ ರಸೀದಿ, ಸಮಾಧಿಯ ಕಲ್ಲು ಇವನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ ಹಿರಿಯರ ಬಾಳು ಮಂಜು ಸರಿದ ಬೆಟ್ಟದಂತೆ ಸ್ವಲ್ಪ ಸ್ವಲ್ಪವಾಗಿ ಕಾಣಿಸಿಕೊಳ್ಳುತ್ತದೆ.

ಆದರೆ ಹೀಗೆ ಹಿಂದಕ್ಕೆ ಹೋಗುತ್ತ ಹೋಗುತ್ತ ಘಟ್ಟದ ಕೆಳಗಿನಿಂದ ಬಂದ ಬಹಳಷ್ಟು ಮನೆತನಗಳ ದಾರಿ ಒಂದು ಕಡೆ ತಟಕ್ಕನೆ ಕಡಿದುಹೋಗುತ್ತದೆ. ಅದು 1784ನೆಯ ವರ್ಷ. ಆ ವರ್ಷ ತಪಸ್ಸುಕಾಲದ ಆರಂಭದಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾ ಸೀಮೆಯ ಕ್ರೈಸ್ತರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ದೇವಾಲಯಗಳು ನೆಲಸಮವಾದವು, ಅವುಗಳೊಂದಿಗೆ ದಾಖಲೆಯ ಪುಸ್ತಕಗಳೂ ಹಾಳಾದವು. ದಾರಿಯಲ್ಲಿ ಸತ್ತವರೆಷ್ಟೋ, ಸೆರೆಯಲ್ಲಿ ಮಡಿದವರೆಷ್ಟೋ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಉಳಿದವರಿಗೆ ಬಿಡುಗಡೆಯಾಯಿತು. ಹಲವರು ಕರಾವಳಿಗೆ ಮರಳಿದರು. ಕೆಲವರು ಮೈಸೂರು ಮತ್ತು ಕೊಡಗಿನಲ್ಲಿಯೇ ನೆಲೆನಿಂತರು. ಹದಿನೈದು ವರ್ಷಗಳ ಕಾಲ ಗುರುಗಳಿಲ್ಲದೆ, ಪೂಜೆಯಿಲ್ಲದೆ, ಬರಹವಿಲ್ಲದೆ ಉಳಿದ ಆ ಜನರ ಹೆಸರುಗಳನ್ನು ಮೈಸೂರು ಸೀಮೆಯಲ್ಲಿ ಮತ್ತೆ ಪುಸ್ತಕಕ್ಕೆ ಸೇರಿಸಲು ಒಬ್ಬರು ಬರಬೇಕಾಗಿತ್ತು. ಹಾಗೆ ಬಂದವರೇ ಅಬ್ಬೆ ದ್ಯುಬುವಾ.

ರಕ್ತಸಂಬಂಧದಿಂದ ಅವರು ನಮ್ಮ ಯಾರ ಪೂರ್ವಿಕರೂ ಅಲ್ಲ. ವಿಶ್ವಾಸದ ಸಂಬಂಧದಿಂದಲಾದರೋ ಹಳೆಯ ಮೈಸೂರು ಸೀಮೆಯ ಕಥೋಲಿಕರೆಲ್ಲರಿಗೂ ಅವರು ಅಜ್ಜನ ಸ್ಥಾನದಲ್ಲಿದ್ದಾರೆ. ವಂಶದ ಹಿರಿಯರನ್ನು ದಾಖಲೆಗಳಿಂದ ಹುಡುಕುವಂತೆಯೇ ಅವರನ್ನೂ ಹುಡುಕಿ, ಸಿಕ್ಕಿದುದೆಲ್ಲವನ್ನೂ, ಹಿತವಾದುದನ್ನೂ ಅಹಿತವಾದುದನ್ನೂ, ನಮ್ಮ ಓದುಗರ ಮುಂದಿಡಲು ಇಲ್ಲಿ ಪ್ರಯತ್ನಿಸುತ್ತೇವೆ.

ಹುಟ್ಟೂರಿನಿಂದ ಪಾಂಡಿಚೇರಿಗೆ

ಝಾನ್ ಆಂಟ್ವಾನ್ ದ್ಯುಬುವಾ ಅವರು 1760ರ ದಶಕದ ನಡುವಿನಲ್ಲಿ ಫ್ರಾನ್ಸ್ ದೇಶದ ದಕ್ಷಿಣ ಭಾಗದ ಆರ್ದೆಶ್ ಪ್ರಾಂತದ ಸೇಂಟ್ ರೆಮೆಸ್ ಎಂಬ ಗುಡ್ಡಗಾಡಿನ ಹಳ್ಳಿಯಲ್ಲಿ ಜನಿಸಿದರು. 1792ರಲ್ಲಿ, ಸುಮಾರು 27ನೆಯ ವಯಸ್ಸಿನಲ್ಲಿ, ವಿವಿಯೇ ಧರ್ಮಕ್ಷೇತ್ರದಲ್ಲಿ ಗುರುದೀಕ್ಷೆ ಪಡೆದರು. ಫ್ರಾನ್ಸಿನ ಮಹಾಕ್ರಾಂತಿಯ ಗುಂಡಿನೇಟಿನಿಂದ ತಪ್ಪಿಸಿಕೊಂಡು ಅವರು ಇಂಡಿಯಾಕ್ಕೆ ಓಡಿಬಂದರೆಂಬ ಕಥೆಯೊಂದು ಆಂಗ್ಲರ ನಡುವೆ ಬಹುಕಾಲ ಪ್ರಚಾರದಲ್ಲಿತ್ತು. ದಾಖಲೆಗಳು ಹೇಳುವುದು ಬೇರೆ. ದೀಕ್ಷೆಯಾದ ವರ್ಷವೇ ಅವರು ಪ್ಯಾರಿಸಿನ ವಿದೇಶ ಮಿಷನ್ ಸಂಘದ ಪರವಾಗಿ ಹಡಗು ಹತ್ತಿದ ಧರ್ಮಪ್ರಚಾರಕರು. ಓಡಿಬಂದವರಲ್ಲ, ಕಳುಹಿಸಲ್ಪಟ್ಟವರು. ಮನೆತನದ ಕಥೆಗಳಿಗೂ ಕಾಗದಪತ್ರಗಳಿಗೂ ಇಂತಹ ವ್ಯತ್ಯಾಸ ಇದ್ದೇ ಇರುತ್ತದೆ. ಕಥೆಯನ್ನು ಕೇಳಬೇಕು, ಕಾಗದವನ್ನು ನಂಬಬೇಕು.

ಅವರ ಹೆಸರಿನ ಮುಂದಿರುವ ಅಬ್ಬೆ ಎಂಬುದು ಫ್ರೆಂಚರು ಗುರುಗಳನ್ನು ಕರೆಯುವ ಗೌರವದ ಪದ. ಪ್ರಭು ಯೇಸು ತಮ್ಮ ಪಿತನನ್ನು ಕರೆದ ಅಬ್ಬ ಎಂಬ ಪದವೇ ಇದರ ಮೂಲ. ನಮ್ಮ ಹಳಗನ್ನಡದಲ್ಲಿಯೂ ಮಲೆನಾಡಿನ ಕೆಲವು ಮನೆಗಳ ಮಾತಿನಲ್ಲಿಯೂ ಅಬ್ಬೆ ಎಂದರೆ ತಾಯಿ. ತಂದೆಯೆಂಬ ಅರ್ಥದಿಂದ ಹೊರಟ ಪದವು ತಾಯಿಯೆಂಬ ಅರ್ಥವಿರುವ ನಾಡಿಗೆ ಬಂದು ಸೇರಿದ್ದು ಆಕಸ್ಮಿಕವಾದರೂ ಚೆಂದವಾದ ಆಕಸ್ಮಿಕ.

ಆ ಕಾಲದಲ್ಲಿ ದಕ್ಷಿಣ ಇಂಡಿಯಾದ ಮಿಷನ್ ಕಾರ್ಯ ಬಹಳ ಬಡವಾಗಿತ್ತು. 1773ರಲ್ಲಿ ಜಗದ್ಗುರು ಹದಿನಾಲ್ಕನೆಯ ಕ್ಲೆಮೆಂಟರು ಯೇಸುಸಭೆಯನ್ನು ವಿಸರ್ಜಿಸಿದ್ದರಿಂದ ಕರ್ನಾಟಕ ಮಿಷನ್ನಿನ ಕೆಲಸ ಮಾಡುವವರಿಲ್ಲದೆ ಸೊರಗಿ, 1776ರಲ್ಲಿ ಪ್ಯಾರಿಸಿನ ಸಂಘಕ್ಕೆ ಹಸ್ತಾಂತರವಾಗಿತ್ತು. ಕ್ರಾಂತಿಯ ದೆಸೆಯಿಂದ ಫ್ರಾನ್ಸಿನಿಂದ ಹೊಸ ಗುರುಗಳೂ ಬರುತ್ತಿರಲಿಲ್ಲ, ಹಣವೂ ಬರುತ್ತಿರಲಿಲ್ಲ. ಯುವಕ ದ್ಯುಬುವಾ ಅವರು ಪಾಂಡಿಚೇರಿ ಮಿಷನ್ನಿಗೆ ಸೇರಿ ತಮಿಳು ಸೀಮೆಯ ದಕ್ಷಿಣದ ಜಿಲ್ಲೆಗಳಲ್ಲಿ ಹಲವು ವರ್ಷ ದುಡಿದರು. ಜನರ ಒಳಬಾಳನ್ನು ಅರಿಯದೆ ಅವರಿಗೆ ಗುರುವಾಗಲಾಗದೆಂದು ಕಂಡುಕೊಂಡು, ಐರೋಪ್ಯರ ಸಹವಾಸವನ್ನು ತೊರೆದು, ಇಲ್ಲಿನವರ ಉಡುಪನ್ನು ತೊಟ್ಟು, ಇಲ್ಲಿನವರ ಊಟವನ್ನೇ ಉಂಡು, ಜನಸಾಮಾನ್ಯರ ನಡುವೆ ಬಾಳಿದರು.

ಶ್ರೀರಂಗಪಟ್ಟಣದ ಸ್ವಾಮಿಗಳು

1799ರಲ್ಲಿ ಮೈಸೂರು ರಾಜ್ಯವು ಮತ್ತೆ ಒಡೆಯರ ಮನೆತನಕ್ಕೆ ಸೇರಿತು. ಬಾಲಕರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರು ಪಟ್ಟಕ್ಕೆ ಬಂದರು, ಪೂರ್ಣಯ್ಯನವರು ದಿವಾನರಾದರು. ನಮ್ಮ ನಗರ, ಶಿವಮೊಗ್ಗ ಸೀಮೆಗಳೂ ಆ ರಾಜ್ಯದೊಳಗಿದ್ದವು. ಆ ವರ್ಷವೇ ಚದುರಿಹೋದ ಕ್ರೈಸ್ತರನ್ನು ಒಟ್ಟುಗೂಡಿಸುವ ಭಾರವು ಅಬ್ಬೆ ದ್ಯುಬುವಾ ಅವರ ಹೆಗಲಿಗೆ ಬಿತ್ತು. ಶ್ರೀರಂಗಪಟ್ಟಣವನ್ನು ಕೇಂದ್ರವಾಗಿ ಮಾಡಿಕೊಂಡು ಅವರು ಊರೂರು ಸುತ್ತಿದರು. ಬಲವಂತದಿಂದ ಮತ ಬದಲಿಸಿದವರನ್ನು ಮತ್ತೆ ಧರ್ಮಸಭೆಯ ಮಡಿಲಿಗೆ ಸೇರಿಸಿದರು. ಸಂಸ್ಕಾರಗಳಿಲ್ಲದೆ ಬೆಳೆದ ಮಕ್ಕಳಿಗೆ ಜ್ಞಾನಸ್ನಾನ ನೀಡಿದರು. ಹದಿನೈದು ವರ್ಷಗಳಲ್ಲಿ ಕೂಡಿಕೊಂಡ ಸಂಸಾರಗಳನ್ನು ಧರ್ಮವಿಧಿಯಂತೆ ಆಶೀರ್ವದಿಸಿದರು.

ಆದರೆ ಹಸಿದವನಿಗೆ ಬರಿಯ ಉಪದೇಶ ಸಾಲದು. ಸೆರೆಯಿಂದ ಬಿಡುಗಡೆಯಾದವರ ಕೈಯಲ್ಲಿ ಭೂಮಿಯಿರಲಿಲ್ಲ, ಎತ್ತುಗಳಿರಲಿಲ್ಲ. ಅಂಥವರಿಗಾಗಿ ಅಬ್ಬೆಯವರು ಬೇಸಾಯದ ನೆಲೆಗಳನ್ನು ಏರ್ಪಡಿಸಿದರು. ಹಾಸನದ ಸಮೀಪದ ಸತ್ತಿಹಳ್ಳಿಯ ನೆಲೆ ಇವುಗಳಲ್ಲಿ ಹೆಸರಾದುದು. ಭೂಮಿಯಿಲ್ಲದ ಕುಟುಂಬವು ಒಂದು ಕಡೆ ನಿಲ್ಲದು. ಒಂದು ಕಡೆ ನಿಲ್ಲದ ಕುಟುಂಬಕ್ಕೆ ದೇವಾಲಯವೂ ಇರದು, ದಾಖಲೆಯೂ ಇರದು. ಗದ್ದೆ ತೋಟಗಳ ಬೆಲೆಯನ್ನು ಬಲ್ಲ ನಮ್ಮ ಮಲೆನಾಡಿನ ಜನರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಅವರ ಇನ್ನೊಂದು ಮಹತ್ಕಾರ್ಯವು ಸಿಡುಬಿನ ವಿರುದ್ಧ ಹೋರಾಟ. ಈ ರೋಗವು ಬಂದ ಊರು ಅರ್ಧ ಬರಿದಾಗುತ್ತಿದ್ದ ಕಾಲವದು. ಅಮ್ಮ ಬಂದಳೆಂದು ಜನರು ಹೆದರಿ ಕೈಮುಗಿಯುತ್ತಿದ್ದರೇ ಹೊರತು ಔಷಧಕ್ಕೆ ಒಡ್ಡಿಕೊಳ್ಳುತ್ತಿರಲಿಲ್ಲ. ಗೋವಿನ ಸಿಡುಬಿನ ಕೀವಿನಿಂದ ಮಾಡುವ ಹೊಸ ಲಸಿಕೆಯನ್ನು ಇಂಡಿಯಾದಲ್ಲಿ ಮೊದಲು ಹಾಕಿದ್ದು 1802ರ ಜೂನ್ 14ರಂದು, ಮುಂಬಯಿಯ ಮೂರು ವರ್ಷದ ಒಂದು ಹೆಣ್ಣುಮಗುವಿಗೆ. ಆಗ ಲಸಿಕೆಯನ್ನು ಶೀಶೆಯಲ್ಲಿ ಇಟ್ಟು ಸಾಗಿಸುವ ಅನುಕೂಲ ಕಡಿಮೆ. ಒಬ್ಬರ ತೋಳಿನ ಗುಳ್ಳೆಯಿಂದ ತೆಗೆದು ಇನ್ನೊಬ್ಬರ ತೋಳಿಗೆ ಹಾಕುತ್ತ ಊರಿಂದೂರಿಗೆ ಒಯ್ಯಬೇಕಾಗಿತ್ತು. ಪರಜಾತಿಯವರ ಮೈಯಿಂದ ತೆಗೆದುದನ್ನು ತಮ್ಮ ಮೈಗೆ ಹಾಕಿಸಿಕೊಳ್ಳಲು ಯಾರು ತಾನೇ ಸುಲಭವಾಗಿ ಒಪ್ಪಿಯಾರು? ಅಪನಂಬಿಕೆಯ ಈ ಗೋಡೆಯನ್ನು ಒಡೆಯಲು ಬೇಕಾದದ್ದು ಸರಕಾರದ ಆಜ್ಞೆಯಲ್ಲ, ಜನರ ವಿಶ್ವಾಸ. ಅದು ಅಬ್ಬೆಯವರಲ್ಲಿತ್ತು. 1803–04ರಲ್ಲಿ ಅವರ ಮೇಲ್ವಿಚಾರಣೆಯಲ್ಲಿ ಲಸಿಕೆ ಹಾಕಿಸಿಕೊಂಡು ನೋಂದಾಯಿತರಾದವರ ಸಂಖ್ಯೆ 25,432. ಹದಿನೈದು ವರ್ಷ ಲೆಕ್ಕಕ್ಕೇ ಸಿಗದೆ ಹೋದ ಜನರಿದ್ದ ನಾಡಿನಲ್ಲಿ, ಬದುಕಿಸಬೇಕಾದವರ ಲೆಕ್ಕವನ್ನು ಅವರು ಒಬ್ಬೊಬ್ಬರನ್ನಾಗಿ ಇಟ್ಟರು. ಜಗತ್ತಿನಿಂದ ಸಿಡುಬು ಪೂರ್ತಿ ನಿರ್ಮೂಲವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿದ್ದು 1980ರಲ್ಲಿ. ಆ ದೀರ್ಘ ಹೋರಾಟದಲ್ಲಿ ನಮ್ಮ ನಾಡಿನ ಮೊದಲ ದುಡಿಮೆಗಾರರಲ್ಲಿ ಒಬ್ಬ ಕಥೋಲಿಕ ಗುರುವಿದ್ದರೆಂಬುದು ನೆನಪಿರಲಿ.

ಜನರು ಅವರನ್ನು ದೊಡ್ಡ ಸ್ವಾಮಿಯವರು ಎಂದು ಕರೆಯುತ್ತಿದ್ದರು. ಎಲ್ಲ ಮತ, ಎಲ್ಲ ಜಾತಿಗಳವರೂ ಅವರನ್ನು ಆದರಿಸುತ್ತಿದ್ದರು. ಅವರು ನಾಡು ಬಿಟ್ಟು ಹೋಗಿ ಎಷ್ಟೋ ದಶಕಗಳಾದ ಮೇಲೂ ಹಳ್ಳಿಗಳಲ್ಲಿ ಅವರ ಹೆಸರು ಪ್ರೀತಿಯಿಂದ ಉಳಿದಿತ್ತು.

ಗ್ರಂಥದ ಹಿರಿಮೆ ಮತ್ತು ಗ್ರಂಥದ ಋಣ

ಹೊರಜಗತ್ತು ಅಬ್ಬೆ ದ್ಯುಬುವಾ ಅವರನ್ನು ಬಲ್ಲದ್ದು ಗ್ರಂಥಕರ್ತರೆಂದು. ಹಿಂದೂ ಜನರ ನಡೆನುಡಿ, ಆಚಾರ, ಸಂಸ್ಕಾರಗಳನ್ನು ಕುರಿತು ಅವರು ಫ್ರೆಂಚ್ ಭಾಷೆಯಲ್ಲಿ ಬರೆದ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ಅವರು ಮದರಾಸಿಗೆ ಕಳುಹಿಸಿದರು. 1807ರಲ್ಲಿ ಗವರ್ನರ್ ಲಾರ್ಡ್ ವಿಲಿಯಂ ಬೆಂಟಿಂಕರು ಅದನ್ನು ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ 2,000 ನಕ್ಷತ್ರ ವರಹಗಳಿಗೆ ಕೊಂಡರು. 1816ರಲ್ಲಿ ಲಂಡನ್ನಿನಲ್ಲಿ ಅದರ ಇಂಗ್ಲಿಷ್ ಭಾಷಾಂತರ ಅಚ್ಚಾಯಿತು. ಆ ಹೊತ್ತಿಗೆ ಅಬ್ಬೆಯವರು ಮೂಲವನ್ನು ಬಹಳ ಮಟ್ಟಿಗೆ ತಿದ್ದಿ ಹಿಗ್ಗಿಸಿದ್ದರು. ತಿದ್ದಿದ ಫ್ರೆಂಚ್ ಗ್ರಂಥವು 1825ರಲ್ಲಿ ಪ್ಯಾರಿಸಿನಲ್ಲಿ ಹೊರಬಂದಿತು. ತಿದ್ದಿದ ಪ್ರತಿಯನ್ನು ಆಧರಿಸಿದ ಇಂಗ್ಲಿಷ್ ಭಾಷಾಂತರವು ಮದರಾಸಿನ ಪತ್ರಕರ್ತ ಹೆನ್ರಿ ಬೋಶಾಂ ಅವರಿಂದ 1897ರಲ್ಲಿ ಪ್ರಕಟವಾಗಿ, ಇಂದಿಗೂ ವಿದ್ವಾಂಸರ ಮೇಜಿನ ಮೇಲಿದೆ. ಪಂಚತಂತ್ರದ ಕಥೆಗಳನ್ನು ಫ್ರೆಂಚ್ ಓದುಗರಿಗೆ ಭಾಷಾಂತರಿಸಿ ಕೊಟ್ಟವರೂ ಇವರೇ.

ಇಲ್ಲಿಯವರೆಗೆ ಹೇಳಿದುದು ಹಿತವಾದ ಭಾಗ. ಹಿರಿಯರ ದಾಖಲೆಯನ್ನು ಪೂರ್ತಿ ಓದುತ್ತೇವೆಂದು ಮಾತು ಕೊಟ್ಟ ಮೇಲೆ ಉಳಿದುದನ್ನೂ ಓದಲೇಬೇಕು.

ಗ್ರಂಥವು ಬಹುಪಾಲು ಅಬ್ಬೆಯವರು ಕಣ್ಣಾರೆ ಕಂಡುದರ ಫಲವೆಂದು ಓದುಗರು ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲ ನಂಬಿದ್ದರು. ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯೂರ್ ಅವರು ಹಳೆಯ ಹಸ್ತಪ್ರತಿಗಳನ್ನು ಹೋಲಿಸಿ ನೋಡಿ, 1987ರಲ್ಲಿ ಪ್ರಕಟಿಸಿದ ತಮ್ಮ ಸಂಶೋಧನೆಯಲ್ಲಿ ಬೇರೊಂದು ಸಂಗತಿಯನ್ನು ತೋರಿಸಿಕೊಟ್ಟರು. ಅಬ್ಬೆಯವರಿಗಿಂತ ಮೊದಲು ದಕ್ಷಿಣ ಇಂಡಿಯಾದಲ್ಲಿ ದುಡಿದು 1779ರಲ್ಲಿ ಪಾಂಡಿಚೇರಿಯಲ್ಲಿ ಮಡಿದ ಯೇಸುಸಭೆಯ ಗುರು ಕೆರ್ದೂ ಅವರ ಬರಹವನ್ನು ದ್ಯುಬುವಾ ಅವರು ಧಾರಾಳವಾಗಿ ಬಳಸಿಕೊಂಡಿದ್ದರು. ಸಂಸ್ಕೃತಕ್ಕೂ ಲತೀನ್ ಮತ್ತು ಗ್ರೀಕ್ ಭಾಷೆಗಳಿಗೂ ಇರುವ ಬಾಂಧವ್ಯವನ್ನು ಮೊದಮೊದಲು ಗುರುತಿಸಿದವರಲ್ಲಿ ಒಬ್ಬರಾದ ಈ ಮಹನೀಯರಿಗೆ ಸಲ್ಲಬೇಕಾದ ಕೀರ್ತಿ ಇನ್ನೊಬ್ಬರ ಹೆಸರಿಗೆ ಸಂದಿತ್ತು. ಯೇಸುಸಭೆ ವಿಸರ್ಜನೆಯಾಗಿ ಅವರ ಕಾಗದಪತ್ರಗಳಿಗೆ ವಾರಸುದಾರರೇ ಇಲ್ಲದ ಕಾಲವದು, ಗ್ರಂಥಕರ್ತರ ಹಕ್ಕಿನ ಕಲ್ಪನೆಯೂ ಇಂದಿನಂತಿರಲಿಲ್ಲ ಎಂದು ಸಮಾಧಾನ ಹೇಳಬಹುದು. ಆದರೂ ಋಣ ಋಣವೇ. ಅಜ್ಜನು ಬಿಟ್ಟುಹೋದ ಸಾಲವನ್ನು ಮೊಮ್ಮಗನು ಒಪ್ಪಿಕೊಳ್ಳುವುದು ಮರ್ಯಾದೆಯ ಲಕ್ಷಣ. ಆದಕಾರಣ ಕೆರ್ದೂ ಸ್ವಾಮಿಗಳ ಹೆಸರನ್ನೂ ಈ ಸಂಚಿಕೆಯಲ್ಲಿ ಗೌರವದಿಂದ ಸ್ಮರಿಸುತ್ತೇವೆ.

ಇದಲ್ಲದೆ ಆ ಗ್ರಂಥದಲ್ಲಿ ನಮ್ಮ ಹಿಂದೂ ಸಹೋದರರ ವಿಷಯವಾಗಿ ಕಟುವಾದ, ಕೆಲವೆಡೆ ಅನ್ಯಾಯವಾದ ತೀರ್ಪುಗಳೂ ಇವೆ. ಅನ್ಯಧರ್ಮಗಳಲ್ಲಿರುವ ಸತ್ಯವೂ ಪವಿತ್ರವೂ ಆದ ಯಾವುದನ್ನೂ ಧರ್ಮಸಭೆಯು ತಿರಸ್ಕರಿಸುವುದಿಲ್ಲವೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಸಾರಿದ ಮೇಲೆ ಅಂತಹ ಮಾತುಗಳನ್ನು ನಾವು ಆ ಕಾಲದ ದೋಷವೆಂದು ಬದಿಗಿಡಬೇಕೇ ಹೊರತು ನಮ್ಮ ಬಾಯಿಗೆ ತಂದುಕೊಳ್ಳಬಾರದು.

ನಿರಾಶೆಯ ಪತ್ರಗಳು

ಎಲ್ಲಕ್ಕಿಂತ ನೋವಿನ ದಾಖಲೆ ಇನ್ನೊಂದು. ಸುಮಾರು ಮೂವತ್ತು ವರ್ಷಗಳ ದುಡಿಮೆಯ ನಂತರ 1823ರ ಜನವರಿಯಲ್ಲಿ ಅಬ್ಬೆಯವರು ಇಂಡಿಯಾವನ್ನು ಬಿಟ್ಟು ಸ್ವದೇಶಕ್ಕೆ ಹೊರಟರು. ಕಂಪನಿಯು ಅವರಿಗೆ ವಿಶ್ರಾಂತಿ ವೇತನವನ್ನು ಗೊತ್ತುಮಾಡಿತು. ಅದೇ ವರ್ಷ ಲಂಡನ್ನಿನಲ್ಲಿ ಇಂಡಿಯಾದ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತ ಅವರ ಪತ್ರಗಳು ಪುಸ್ತಕವಾಗಿ ಹೊರಬಂದವು. ಅವುಗಳಲ್ಲಿ ಕಂಡುಬರುವುದು ದಣಿದ ಮನಸ್ಸಿನ ನಿರಾಶೆ. ಮಾನವಪ್ರಯತ್ನದಿಂದ ಈ ದೇಶದ ಜನಸಮುದಾಯವು ಕ್ರೈಸ್ತರಾಗುವುದು ಸಾಧ್ಯವೇ ಇಲ್ಲವೆಂಬುದು ಅವರ ತೀರ್ಮಾನ. ಸೆರೆಯಲ್ಲಿ ಬಲವಂತಕ್ಕೊಳಗಾದ ನಮ್ಮ ಹಿರಿಯರು ಧೈರ್ಯದಿಂದ ವಿಶ್ವಾಸವನ್ನು ಸಾರಲಿಲ್ಲವೆಂದೂ ಅವರು ಕಹಿಯಾಗಿ ದೂರಿದರು. ಈ ಪುಸ್ತಕವನ್ನು ಓದಿ ಕೆರಳಿದ ಪ್ರೊಟೆಸ್ಟಂಟ್ ಪಾದ್ರಿಗಳು 1824ರಲ್ಲಿ ಉತ್ತರಗ್ರಂಥಗಳನ್ನು ಪ್ರಕಟಿಸಿದರು.

ನಮ್ಮನ್ನು ಎತ್ತಿ ನಿಲ್ಲಿಸಿದವರೇ ನಮ್ಮ ಬಗ್ಗೆ ಹೀಗೆ ಬರೆದರಲ್ಲಾ ಎಂದು ಓದುವಾಗ ಮನಸ್ಸು ನೋಯುತ್ತದೆ. ಈ ಪುಟವನ್ನು ಹರಿದುಹಾಕಿ ಉಳಿದುದನ್ನು ಮಾತ್ರ ಮಕ್ಕಳಿಗೆ ಹೇಳುವುದು ಸುಲಭ. ಆದರೆ ಪವಿತ್ರ ಗ್ರಂಥವು ಹಾಗೆ ಮಾಡಲಿಲ್ಲ. ಪೇತ್ರರು ಮೂರು ಸಲ ಪ್ರಭುವನ್ನು ಅರಿಯೆನೆಂದುದನ್ನು ನಾಲ್ಕು ಶುಭಸಂದೇಶಗಳೂ ಬರೆದಿಟ್ಟಿವೆ. ಎಲೀಯ ಪ್ರವಾದಿಯು ಮರದಡಿಯಲ್ಲಿ ಕುಳಿತು ಸಾವನ್ನು ಬೇಡಿದುದೂ ಅಳಿಸಿಹೋಗಿಲ್ಲ. ದೇವರ ಸೇವಕರು ಸೋತ ಗಳಿಗೆಗಳನ್ನು ಬರೆದಿಟ್ಟಿರುವುದರಿಂದಲೇ ಅವರನ್ನು ಮತ್ತೆ ಎಬ್ಬಿಸಿದ ಕೃಪೆಯೂ ನಮಗೆ ಕಾಣುತ್ತದೆ.

ಅಬ್ಬೆಯವರ ಲೆಕ್ಕವೇ ತಪ್ಪೆಂದು ನಾವು ಹೇಳುವುದಿಲ್ಲ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರು ಶೇಕಡಾ ಎರಡಕ್ಕಿಂತಲೂ ಕಡಿಮೆ. ಸಂಖ್ಯೆಯ ಮಾತಿನಲ್ಲಿ ಅವರ ದೃಷ್ಟಿ ಸುಳ್ಳಾಗಲಿಲ್ಲ. ತಪ್ಪಿದ್ದುದು ಅಳತೆಗೋಲಿನಲ್ಲಿ. ಪ್ರಭುವು ತಮ್ಮ ರಾಜ್ಯವನ್ನು ಹಿಟ್ಟಿನೊಳಗಿನ ಹುಳಿಗೂ ಸಾಸಿವೆಯ ಕಾಳಿಗೂ ಹೋಲಿಸಿದರೇ ಹೊರತು ಜನಗಣತಿಯ ಪಟ್ಟಿಗೆ ಹೋಲಿಸಲಿಲ್ಲ. ಇನ್ನು ಸೆರೆಯವರ ಧೈರ್ಯದ ಮಾತು. ಹದಿನೈದು ವರ್ಷ ದೇವಾಲಯವನ್ನೇ ಕಾಣದೆ, ಮಾತನಾಡಲೂ ಆಗದೆ ಬದುಕಿದ ಜನರು, ಬಾಗಿಲು ತೆರೆದ ಕೂಡಲೇ ಗುರುವನ್ನು ಹುಡುಕಿಕೊಂಡು ಬಂದರು. ಮಕ್ಕಳನ್ನು ಜ್ಞಾನಸ್ನಾನಕ್ಕೆ ಕರೆತಂದರು. ಇದೂ ಒಂದು ಸಾಕ್ಷ್ಯವೇ. ಅವರು ಮರಳಿ ಬಾರದೆ ಹೋಗಿದ್ದರೆ ಅಬ್ಬೆಯವರ ದಾಖಲೆಯ ಪುಸ್ತಕ ಖಾಲಿಯಾಗಿ ಉಳಿಯುತ್ತಿತ್ತು.

ಅಬ್ಬೆಯವರ ಮುಂದಿನ ನಡೆಯಾದರೂ ಅವರ ನಿರಾಶೆಗೆ ತಕ್ಕಂತೆ ಇರಲಿಲ್ಲವೆಂಬುದೇ ನಮಗೆ ಅತ್ಯಂತ ಸಮಾಧಾನದ ಸಂಗತಿ. ಪ್ಯಾರಿಸಿಗೆ ಮರಳಿದ ಅವರು ವಿಶ್ರಾಂತಿ ವೇತನವನ್ನು ನೆಚ್ಚಿ ಹುಟ್ಟೂರಿಗೆ ಹೋಗಿ ಕೂರಲಿಲ್ಲ. ವಿದೇಶ ಮಿಷನ್ ಸಂಘದ ಗುರುಮಠದ ನಿರ್ದೇಶಕರಲ್ಲಿ ಒಬ್ಬರಾಗಿ, 1836ರಿಂದ 1839ರವರೆಗೆ ಅದರ ಶ್ರೇಷ್ಠರಾಗಿ ದುಡಿದರು. ಯಾವ ದೇಶದಲ್ಲಿ ಸುವಾರ್ತೆ ಫಲಿಸದೆಂದು ಬರೆದರೋ ಆ ದೇಶಕ್ಕೆ ಹೋಗುವ ಯುವ ಗುರುಗಳನ್ನು ಸಿದ್ಧಪಡಿಸಿ ಕಳುಹಿಸುವ ಮನೆಯಲ್ಲಿಯೇ ಬಾಳಿನ ಕೊನೆಯ ಕಾಲು ಶತಮಾನವನ್ನು ಕಳೆದರು. ಅವರು ಅಲ್ಲಿದ್ದ ಕಾಲದಲ್ಲಿ, 1830ರ ಸುಮಾರಿಗೆ, ಇಂಡಿಯಾಕ್ಕೆ ಹೊರಟವರಲ್ಲಿ ಎತಿಯೆನ್ ಶಾರ್ಬೊನೋ ಎಂಬ ಯುವಕರೂ ಇದ್ದರು. ಅವರೇ 1850ರಲ್ಲಿ ಮೈಸೂರಿನ ಮೊದಲ ಪ್ರೇಷಿತ ಪ್ರತಿನಿಧಿ ಧರ್ಮಾಧ್ಯಕ್ಷರಾದರು. 1873ರಲ್ಲಿ ತೀರಿಕೊಳ್ಳುವವರೆಗೂ ಈ ನಾಡಿನ ಧರ್ಮಸಭೆಯನ್ನು ಕಟ್ಟಿದರು. ಅವರ ಕಾಲದಲ್ಲಿ ಬೆಂಗಳೂರಿನ ಮಿಷನ್ ಮುದ್ರಣಾಲಯದಿಂದ ಲತೀನ್ ಕನ್ನಡ ನಿಘಂಟು ಹೊರಬಂದು ಕನ್ನಡಕ್ಕೂ ಸೇವೆ ಸಂದಿತು. 1886ರಲ್ಲಿ ಮೈಸೂರು ಧರ್ಮಕ್ಷೇತ್ರವಾಯಿತು. 1963ರಲ್ಲಿ ಚಿಕ್ಕಮಗಳೂರು ಧರ್ಮಕ್ಷೇತ್ರ ಉದಯಿಸಿತು. 1988ರಲ್ಲಿ ಅದರಿಂದ ಬೇರ್ಪಟ್ಟು ನಮ್ಮ ಶಿವಮೊಗ್ಗ ಧರ್ಮಕ್ಷೇತ್ರವು ರೂಪುಗೊಂಡಿತು. ಈ ವಂಶವೃಕ್ಷದ ಬುಡದಲ್ಲಿ, ತಾನು ನೆಟ್ಟ ಗಿಡ ಚಿಗುರದೆಂದು ಮರುಗಿದ ಒಬ್ಬ ತೋಟಗಾರನಿದ್ದಾನೆ. ಮರುಗಿದರೂ ಆತ ನೀರೆರೆಯುವುದನ್ನು ಮಾತ್ರ ಬಿಡಲಿಲ್ಲ.

1848ರ ಫೆಬ್ರವರಿ 17ರಂದು, ಎಂಬತ್ತು ದಾಟಿದ ವಯಸ್ಸಿನಲ್ಲಿ, ಅಬ್ಬೆ ದ್ಯುಬುವಾ ಅವರು ಪ್ಯಾರಿಸಿನಲ್ಲಿ ದೈವಾಧೀನರಾದರು.

ಪ್ರಿಯ ಧರ್ಮಬಾಂಧವರೇ, ನಿಮ್ಮ ನಿಮ್ಮ ಮನೆಯ ಹಿರಿಯರ ದಾಖಲೆಗಳನ್ನು ಹುಡುಕುವಾಗ ನಿಮಗೂ ಇಂತಹ ಪುಟಗಳು ಎದುರಾಗಬಹುದು. ಸಾಲದ ಪತ್ರ ಸಿಗಬಹುದು. ಅಣ್ಣತಮ್ಮಂದಿರ ವ್ಯಾಜ್ಯದ ಕಾಗದ ಸಿಗಬಹುದು. ಮನೆಯವರು ಹೆಸರೆತ್ತದೆ ಬಿಟ್ಟ ಒಬ್ಬ ಮಗಳ ಜ್ಞಾನಸ್ನಾನದ ಸಾಲು ಸಿಗಬಹುದು. ಹೆದರಬೇಡಿರಿ, ಮುಚ್ಚಿಡಬೇಡಿರಿ. ಹೆಸರು ಬಿಟ್ಟವರನ್ನು ಮತ್ತೆ ಮನೆಯ ಪ್ರಾರ್ಥನೆಯಲ್ಲಿ ನೆನೆಯಿರಿ. ಈ ವರ್ಷ ಪ್ರತಿಯೊಂದು ಕುಟುಂಬವೂ ಒಂದು ಪುಸ್ತಕವನ್ನು ತೆಗೆದುಕೊಂಡು, ಅಜ್ಜ ಅಜ್ಜಿಯರು ಬದುಕಿರುವಾಗಲೇ ಅವರಿಂದ ಕೇಳಿ, ಹೆಸರು, ಊರು, ಇಸವಿಗಳನ್ನು ಬರೆದಿಡಬೇಕೆಂದು ಕೋರುತ್ತೇವೆ. ಗೆದ್ದಲು ಮತ್ತು ಮಲೆನಾಡಿನ ತೇವ ನಮ್ಮ ಕಾಗದಗಳ ಹಗೆಗಳು. ಆದ್ದರಿಂದ ಹಳೆಯ ಪತ್ರಗಳನ್ನು ಒಣಗಿದ ಪೆಟ್ಟಿಗೆಯಲ್ಲಿಟ್ಟು, ಅವುಗಳ ನಕಲೊಂದನ್ನು ಬೇರೆಡೆ ಇರಿಸಿರಿ. ನವೆಂಬರ್ ತಿಂಗಳಲ್ಲಿ ಮೃತರಿಗಾಗಿ ಬಲಿಪೂಜೆಯನ್ನು ಅರ್ಪಿಸುವಾಗ ಆ ಹೆಸರುಗಳನ್ನು ಪೀಠದ ಬಳಿಗೆ ತನ್ನಿರಿ. ಅವುಗಳ ಜೊತೆಗೆ ದೊಡ್ಡ ಸ್ವಾಮಿಯವರ ಹೆಸರನ್ನೂ ಸೇರಿಸಿ ನಾವು ಪ್ರಾರ್ಥಿಸುವೆವು. ನಮ್ಮೆಲ್ಲರ ಹೆಸರುಗಳನ್ನು ಜೀವಗ್ರಂಥದಲ್ಲಿ ಬರೆದಿಡುವ ಸರ್ವೇಶ್ವರನು ಅವರಿಗೆ ನಿತ್ಯವಿಶ್ರಾಂತಿಯನ್ನೂ ನಮಗೆ ಸತ್ಯವನ್ನು ಓದುವ ಧೈರ್ಯವನ್ನೂ ದಯಪಾಲಿಸಲಿ.